ಏಣಿಯ ಬುಡದ ಬೈಗುಳ

ಅಮ್ಮತ್ತಿಯಿಂದ ಸ್ವಲ್ಪ ಒಳಗಿರುವ ಒಂದು ಕಾಫಿ ತೋಟದಲ್ಲಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅಲಾರಾಂ ಅಲ್ಲ, ಒಬ್ಬ ಹೆಂಗಸಿನ ಬೈಗುಳ.

"ಲೇ ಮೂದೇವಿ! ಕಣ್ಣು ಎಲ್ಲಿಟ್ಕಂಡಿದ್ದೀಯೋ? ಆ ಎಡಗಾಲು ಯಾರ ಮನೆಗೆ ಹೊರಟೈತೆ? ಇತ್ಲಾಗ್ ಇಕ್ಕೋ! ನಿನ್ನ ಕಟ್ಕಂಡು ನನ್ನ ಮಗಳು ಏನು ಸುಖ ಕಂಡ್ಳೋ ಕಾಣೆ!"

ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಎಂದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹೊಡೆದಾಟ ಇರಲಿಲ್ಲ. ಒಂದು ಸಿಲ್ವರ್ ಓಕ್ ಮರ ಇತ್ತು. ಅದರ ಮೈತುಂಬ ಮೆಣಸಿನ ಬಳ್ಳಿ. ಬಳ್ಳಿಗೆ ಒರಗಿಸಿದ, ಗಂಟುಗಳೇ ಮೆಟ್ಟಿಲಾದ ಒಂಟಿ ಬಿದಿರಿನ ಏಣಿಯ ತುತ್ತತುದಿಯಲ್ಲಿ, ಹೆಗಲಿಗೆ ಚೀಲ ಕಟ್ಟಿಕೊಂಡ ಒಬ್ಬ ಗಂಡಸು ಮೆಣಸಿನ ಗೊಂಚಲು ಕೀಳುತ್ತಿದ್ದ. ಕೆಳಗೆ, ಏಣಿಯ ಬುಡವನ್ನು ಪಾದದಿಂದ ಒತ್ತಿ, ಹೆಗಲು ಕೊಟ್ಟು, ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದ ಪುಟ್ಟ ಹೆಂಗಸು ಕತ್ತೆತ್ತಿ ಬೈಯುತ್ತಲೇ ಇದ್ದಳು. ನನ್ನನ್ನು ನೋಡಿ ಬೈಗುಳ ನಿಲ್ಲಿಸಬಹುದು ಎಂದುಕೊಂಡೆ. ನಿಲ್ಲಿಸಲಿಲ್ಲ.

ಅವರಿಬ್ಬರು ಅತ್ತೆ, ಅಳಿಯ. ಕೊಡ್ಲಿಪೇಟೆ ಕಡೆಯವರು. ಬಹಳ ವರ್ಷಗಳಿಂದ ಈ ತೋಟದ ಆಳುಗಳ ಲೈನ್‌ಮನೆಯಲ್ಲೇ ಇದ್ದಾರೆ. ಮಗಳು ಕಣದಲ್ಲಿ ಮೆಣಸು ಒಣಗಿಸುವ ಕೆಲಸಕ್ಕೆ ಹೋದರೆ, ಇವರಿಬ್ಬರು ಏಣಿ ಎತ್ತಿಕೊಂಡು ಮರಕ್ಕೆ. ತೋಟದಲ್ಲಿ ಇನ್ನೂ ಕೆಲವು ಜೋಡಿಗಳು ಮೆಣಸು ಕೊಯ್ಯುತ್ತವೆ. ಆದರೆ ಎತ್ತರದ ಮರಗಳೆಲ್ಲ ಈ ಜೋಡಿಗೇ ಮೀಸಲು. ಮಿಕ್ಕವರು ಆ ಮರಗಳ ಕೆಳಗೆ ಹಾದುಹೋಗುವಾಗ ಮೇಲೆ ನೋಡಿ ಸುಮ್ಮನೆ ಮುಂದೆ ಹೋಗುತ್ತಾರೆ.

ನನ್ನ ವಿಷಯ ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಳು. 'ಕೆಲಸದ ಗುಣಮಟ್ಟವನ್ನು ನಿರ್ಧರಿಸುವುದು ಸಂಬಳವೇ' ಎಂಬ ವಿಷಯದ ಮೇಲೆ ಪರವಾಗಿಯೂ ಗೆದ್ದಿದ್ದೇನೆ, ವಿರೋಧವಾಗಿಯೂ ಗೆದ್ದಿದ್ದೇನೆ. ಎರಡೂ ಕಡೆ ಗೆದ್ದವರಿಗೆ ಯಾವ ಕಡೆಯ ಮೇಲೂ ನಂಬಿಕೆ ಉಳಿಯುವುದಿಲ್ಲ. ಈ ತೋಟದಲ್ಲಿ ನನ್ನ ಕೆಲಸ ಹೋಂಸ್ಟೇ ನೋಡಿಕೊಳ್ಳುವುದು: ಅತಿಥಿಗಳು, ಅವರ ಊಟ, ಅವರ ದೂರು.

ಅತ್ತೆ ಅಳಿಯರ ವಿಷಯದಲ್ಲಿ ನನ್ನನ್ನು ಕಾಡಿದ್ದು ಬೈಗುಳವಲ್ಲ, ಬೈಗುಳ ಇಲ್ಲದ ಹೊತ್ತು. ನೆಲದ ಮೇಲೆ ಆಕೆ ಅಳಿಯನ ಎದುರು ನಿಲ್ಲುತ್ತಲೇ ಇರಲಿಲ್ಲ. ಆತ ಬಂದರೆ ಸೆರಗು ಎಳೆದುಕೊಂಡು ಮರೆಗೆ ಸರಿಯುತ್ತಿದ್ದಳು. ಆತ ಕೈಗೆಟಕುವಷ್ಟು ಹತ್ತಿರ ಕೂತಿದ್ದರೂ ಪಕ್ಕದವಳನ್ನು ಕರೆದು, "ಅಳಿಯಂದಿರು ಉಂಡ್ರಾ ಕೇಳವ್ವಾ" ಎನ್ನುತ್ತಿದ್ದಳು. ಆತನೂ ಆ ಪಕ್ಕದವಳಿಗೇ, "ಉಂಡೆ ಅಂತ ಹೇಳಕ್ಕ" ಎನ್ನುತ್ತಿದ್ದ. ಅಂಥ ಮರ್ಯಾದೆ! ಅದೇ ಮನುಷ್ಯ ಏಣಿಯ ಮೊದಲ ಗಂಟಿನ ಮೇಲೆ ಕಾಲಿಟ್ಟನೋ, ಆಕೆಯ ಬಾಯಿಂದ ಅವನ ಮೂರು ತಲೆಮಾರು ಹೊರಬೀಳುತ್ತಿತ್ತು. ಕೆಳಗಿಳಿದನೋ, ಮತ್ತೆ ಸೆರಗು.

ಒಮ್ಮೆ ಆತನನ್ನೇ ಕೇಳಿದೆ.

"ನಿಮಗೆ ಬೇಜಾರಾಗಲ್ವಾ?"

"ಯಾವುದಕ್ಕೆ ಮೇಡಮ್ಮ?"

"ಅಷ್ಟು ಬೈತಾರಲ್ಲ."

"ಯಾರು?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮುಖ ನೋಡಿದರೆ ಹಾಗೆ ಕಾಣಲಿಲ್ಲ.

ಆ ವರ್ಷದ ಮೆಣಸಿನ ಕೊಯ್ಲು ಇನ್ನೂ ಅರ್ಧದಲ್ಲಿದ್ದಾಗ ಒಬ್ಬ ಅತಿಥಿ ಹೋಗುವಾಗ ಅಂತರ್ಜಾಲದಲ್ಲಿ ಒಂದು ಅಭಿಪ್ರಾಯ ಬರೆದು ಹೋದರು. ಕಾಫಿ ಚೆನ್ನಾಗಿತ್ತು, ಕಡುಬು ಚೆನ್ನಾಗಿತ್ತು, ಆದರೆ ಬೆಳ್ಳಂಬೆಳಿಗ್ಗೆ ಒಬ್ಬ ಕೆಲಸಗಾರನನ್ನು ಬಾಯಿಗೆ ಬಂದಂತೆ ಬೈದು ಅವಮಾನಿಸುತ್ತಾರೆ, ಮಾಲೀಕರು ಕಣ್ಣು ಮುಚ್ಚಿಕೊಂಡಿದ್ದಾರೆ, ಹೀಗೆ. ತೋಟದ ಸಾವ್ಕಾರ್ರು ಅದನ್ನು ಓದಿ ಕೆಂಪಾದರು. ಅವರು ಮೃದು ಮನುಷ್ಯ. ಅವರ ಸಿಟ್ಟೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದರೆ ನಿಂತಷ್ಟು ಹೊತ್ತಿನಲ್ಲಿ ಒಂದು ಆಜ್ಞೆ ಹೊರಡಿಸಿಬಿಡುತ್ತಾರೆ.

"ನಾಳೆಯಿಂದ ಆಯಮ್ಮ ಕಣಕ್ಕೆ ಹೋಗಲಿ. ಏಣಿ ಹಿಡೀಲಿಕ್ಕೆ ಬೇರೆ ಆಳು ಹಾಕಿ," ಎಂದು ರೈಟರಿಗೆ ಹೇಳಿದರು. ರೈಟರ್ ಎಂದರೆ ತೋಟದ ಆಳುಗಳ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುವವರು. ಅವರು ತಲೆಯಾಡಿಸಿದರು.

ಬೇರೆ ಆಳು ಎಂದರೆ ಲಾರಿಗೆ ಮೂಟೆ ಹೊರುವ ಗಟ್ಟಿಮುಟ್ಟಾದ ಮನುಷ್ಯ. ಏಣಿ ಹಿಡಿದರೆ ಅದು ಭೂಮಿಯೊಳಗಿಂದಲೇ ಬೆಳೆದು ಬಂದಿದೆಯೇನೋ ಎನ್ನಬೇಕು. ಮಾತು ಮಾತ್ರ ಇಲ್ಲ. ನನ್ನ ಅತಿಥಿಗಳು ಹಕ್ಕಿಗಳ ದನಿ ಕೇಳುತ್ತಾ ಕಾಫಿ ಕುಡಿದರು.

ಮತ್ತು ಅಳಿಯ ಅರ್ಧ ಮರದಲ್ಲೇ ನಿಂತುಬಿಟ್ಟ.

ಮೊದಲ ದಿನ ಯಾರೂ ಗಮನಿಸಲಿಲ್ಲ. ಆಮೇಲೆ ಕಾಣತೊಡಗಿತು. ಮರಗಳ ಕೆಳಗಿನ ಅರ್ಧ ಬೋಳು, ಮೇಲಿನ ಅರ್ಧದಲ್ಲಿ ಮೆಣಸು ಹಾಗೆಯೇ. ಹಣ್ಣಾಗಿ ಕೆಂಪಾಗುತ್ತಿತ್ತು, ಹಕ್ಕಿಗಳು ತಿನ್ನುತ್ತಿದ್ದವು, ಉದುರುತ್ತಿತ್ತು. ಆತ ಏಣಿಯ ನಡುವಿನ ತನಕ ಹೋಗುತ್ತಿದ್ದ. ಅಲ್ಲಿ ಸ್ವಲ್ಪ ಹೊತ್ತು ತಬ್ಬಿ ನಿಲ್ಲುತ್ತಿದ್ದ. ಆಮೇಲೆ ಇಳಿದು ಬಂದು ಬೀಡಿ ಹಚ್ಚುತ್ತಿದ್ದ. ಬೇರೆ ಜೋಡಿಗಳು ಅವನನ್ನು ನೋಡಿ ನಗಲಿಲ್ಲ. ನಕ್ಕಿದ್ದರೇ ಒಳ್ಳೆಯದಿತ್ತು.

"ವಯಸ್ಸಾಯ್ತು ಮೇಡಂ. ಹೆದರಿಕೆ ಹಿಡೀತು. ಒಂದ್ಸಲ ಹಿಡಿದ್ರೆ ಮುಗೀತು," ಎಂದರು ರೈಟರು.

"ಹೋದ ವಾರ ಇಲ್ಲದ ವಯಸ್ಸು ಈ ವಾರ ಎಲ್ಲಿಂದ ಬಂತು?"

"ಅದು ಹಾಗೇ ಬರೋದು."

"ಆಧಾರ?"

"ಎಂತ ಆಧಾರ ಮೇಡಂ? ಕಣ್ಣಿಗೆ ಕಾಣ್ತದಲ್ಲ!"

ಸಾವ್ಕಾರ್ರು ಬಂದು ನೋಡಿ, ಹೊರಗಿನ ಗುತ್ತಿಗೆಯವರಿಗೆ ಫೋನ್ ಮಾಡಿದರು. ಸೋಮವಾರ ಅವರು ಬಂದು ಎತ್ತರದ ಮರಗಳನ್ನು ವಹಿಸಿಕೊಳ್ಳುತ್ತಾರೆ. ಅಂದಿನಿಂದ ಅಳಿಯನನ್ನು ಕಳೆ ತೆಗೆಯುವ ಕೆಲಸಕ್ಕೆ ಹಾಕುವುದು. ಈ ವರ್ಷಕ್ಕೆ ಮಾತ್ರವಲ್ಲ, ಇನ್ನು ಮೇಲೆ. ಆ ಸುದ್ದಿ ಕೇಳಿದ ಆತ ಏಣಿಯನ್ನು ಎತ್ತಿ ಶೆಡ್ಡಿನ ಗೋಡೆಗೆ ಒರಗಿಸಿ, ಅದರ ಬುಡಕ್ಕೆ ಮೆತ್ತಿದ್ದ ಮಣ್ಣನ್ನು ಕೈಯಿಂದ ಉಜ್ಜಿ ತೆಗೆದ. ಸೋಮವಾರದ ನಂತರ ಎಂದೂ ಹತ್ತದ ಏಣಿಯನ್ನು ಯಾರಾದರೂ ಒರೆಸುತ್ತಾರಾ?

ಎದುರಾಳಿ ಒಂದೇ ಕಾರಣ ಕೊಟ್ಟಾಗ ನನಗೆ ಮೈ ಕೆರೆಯುತ್ತದೆ. ವಯಸ್ಸು ಎಂದರೆ ವಾದ ಮುಗಿಯಿತೇ? ಸೋಮವಾರದ ತನಕ ಆತ ಏಣಿಯಲ್ಲೇ ಇರುವವ; ಅಷ್ಟರೊಳಗೆ ಒಂದೊಂದಾಗಿ ತೆಗೆದು ನೋಡಲು ಹೊರಟೆ. ಮರ? ಅದೇ ಮರಗಳು, ಹಿಂದಿನ ವರ್ಷ ಆತನೇ ಹತ್ತಿದವು. ಏಣಿ? ಅದೇ. ಬಿಸಿಲು? ಬೆಳಗಿನ ಮಂಜು ಕರಗುವ ಮುಂಚೆಯೇ ನಿಲ್ಲುತ್ತಿದ್ದ. ಊಟ, ನಿದ್ದೆ, ಕುಡಿತ? ಮಗಳು, ಅಂದರೆ ಆತನ ಹೆಂಡತಿ, ನನ್ನ ಪ್ರಶ್ನೆಗೆ ಸಿಟ್ಟಾಗಿ, "ನಮ್ಮೋರು ಎಣ್ಣೆ ಮುಟ್ಟಲ್ಲ ಮೇಡಮ್ಮ, ಬೇಕಾದ್ರೆ ಬಾಯಿ ಮೂಸಿ ನೋಡಿ" ಎಂದಳು. ಮೂಸಲಿಲ್ಲ.

ಕೂಲಿ? ಈ ಕಡೆ ನಾನೇ ಗೆದ್ದವಳು. ಎತ್ತರದ ಮೆಣಸಿಗೆ ಕಿಲೋ ಮೇಲೆ ಹೆಚ್ಚು ಕೊಡಿ ಎಂದು ಸಾವ್ಕಾರ್ರನ್ನು ಒಪ್ಪಿಸಿದೆ. ಆತ ಸಂತೋಷದಿಂದ ತಲೆಯಾಡಿಸಿದ, ಹತ್ತಿದ, ಅದೇ ನಡುವಿಗೆ ನಿಂತ. ಸುರಕ್ಷತೆ? ಅಮ್ಮತ್ತಿಯ ಅಂಗಡಿಯಿಂದ ಹೊಸ ಬೆಲ್ಟು ತರಿಸಿ ಸೊಂಟಕ್ಕೆ ಕಟ್ಟಿಸಿದೆ. ಬೆಲ್ಟು ಕಟ್ಟಿಕೊಂಡೇ ನಡುವಿಗೆ ನಿಂತ. ಅಂದರೆ ದುಡ್ಡೂ ಅಲ್ಲ, ಬೀಳುವ ಅಪಾಯವೂ ಅಲ್ಲ. ಎರಡು ದೊಡ್ಡ ವಾದಗಳು ನನ್ನ ಕಣ್ಣೆದುರೇ ಬಿದ್ದುಹೋದವು. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಏನೋ ದೊಡ್ಡದರ ಬಾಗಿಲ ಬಳಿ ನಿಂತಂತಿತ್ತು.

ಶುಕ್ರವಾರ ಬೆಳಿಗ್ಗೆ ಸುಮ್ಮನೆ ಮರದ ಕೆಳಗೆ ಕೂತು ನೋಡಿದೆ. ಆಗ ಕಂಡಿತು. ಆತ ಒಂದು ಗಂಟು ಹತ್ತುತ್ತಿದ್ದ, ಕೆಳಗೆ ನೋಡುತ್ತಿದ್ದ. ಇನ್ನೊಂದು ಗಂಟು, ಮತ್ತೆ ಕೆಳಗೆ. ಎತ್ತರ ಹೆಚ್ಚಿದಷ್ಟೂ ನೋಟ ಹೆಚ್ಚುತ್ತಿತ್ತು. ಎಲೆ ಅಡ್ಡ ಬಂದು ಏಣಿಯ ಬುಡ ಮರೆಯಾಗುವ ಜಾಗವೇ ಆ ನಡು. ಅಲ್ಲಿಂದ ಮುಂದೆ ಆತನಿಗೆ ಕೆಳಗಿರುವವರು ಕಾಣುವುದಿಲ್ಲ. ಅಲ್ಲಿಗೇ ಆತ ನಿಲ್ಲುತ್ತಿದ್ದ.

ಅತ್ತೆ ಹಿಡಿದಾಗ ಆತ ಒಮ್ಮೆಯಾದರೂ ಕೆಳಗೆ ನೋಡಿದ್ದು ನನಗೆ ನೆನಪಿಗೆ ಬರಲಿಲ್ಲ.

ನೆನಪು ಸಾಕ್ಷಿಯಲ್ಲ ಎಂದು ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಹಾಗಾಗಿ ಪರೀಕ್ಷೆ ಮಾಡಿದೆ. ಮೂಟೆ ಹೊರುವವನಿಗೆ, "ಸುಮ್ಮನಿರಬೇಡಿ, ಏನಾದರೂ ಮಾತಾಡ್ತಾ ಇರಿ" ಎಂದೆ.

"ಎಂತ ಮಾತಾಡುದು?"

"ಏನಾದ್ರೂ."

ಆತ ಬಹಳ ಯೋಚಿಸಿ, "ಹುಷಾರು" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹುಷಾರು." ಅಲ್ಲಿಗೆ ಆತನ ಭಂಡಾರ ಮುಗಿಯಿತು.

ಮಾತಿಗೇನು ಬರ, ನಾನಿದ್ದೇನಲ್ಲ! ಏಣಿಯ ಬುಡಕ್ಕೆ ಹೋಗಿ ನಿಂತು ಶುರುಮಾಡಿದೆ. ಹವಾಮಾನ, ಮೆಣಸಿನ ಧಾರಣೆ, ವಿರಾಜಪೇಟೆಯ ರಸ್ತೆಯ ಗುಂಡಿಗಳು. ಗಂಟೆ ಬಾರಿಸುವ ತೀರ್ಪುಗಾರರಿಲ್ಲದ ಭಾಷಣ. ಆತ ನಡುವಿನ ತನಕ ಹೋದ, ನಿಂತ, ಇಳಿದು ಬಂದ. ಬಹಳ ವಿನಯದಿಂದ ಹೇಳಿದ:

"ಚೆನ್ನಾಗಿ ಮಾತಾಡ್ತೀರಿ ಮೇಡಮ್ಮ. ಆದ್ರೆ ರೇಡಿಯೋ ಇದ್ದಂಗೆ. ನಾನು ಬಿದ್ರೂ ನಿಲ್ಲಲ್ಲ."

ಮೂಟೆ ಹೊರುವವನು ಅವತ್ತೇ ಮೊದಲ ಸಲ ನಕ್ಕದ್ದು. ನಾನೂ ನಕ್ಕೆ. ನನ್ನ ಭಾಷಣಕ್ಕೆ ಇಷ್ಟು ಚೊಕ್ಕ ಖಂಡನೆ ಯಾವ ಎದುರಾಳಿಯೂ ಕೊಟ್ಟಿರಲಿಲ್ಲ.

ಅವತ್ತು ಸಂಜೆ ಸಾವ್ಕಾರ್ರ ಜಗಲಿಯಲ್ಲಿ ವಾದಕ್ಕೆ ಕೂತೆ.

"ಅಂಕಲ್, ಅವರ ಅತ್ತೆಯನ್ನ ವಾಪಸ್ ಏಣಿಗೆ ಹಾಕಿ."

"ನೀನೇ ಹೋಂಸ್ಟೇ ನೋಡುವವಳು, ನೀನೇ ಹೀಗೆ ಹೇಳಿದ್ರೆ ಹೇಗೆ ಮಾರಾಯ್ತಿ? ಗೆಸ್ಟ್ ಓಡಿ ಹೋಗ್ತಾರೆ."

"ಗೆಸ್ಟಿಗೆ ನಾನು ಹೇಳ್ತೀನಿ. ಒಂದೇ ಒಂದು ಮರ. ನಾಳೆ ಬೆಳಿಗ್ಗೆ. ಆಗದಿದ್ರೆ ಸೋಮವಾರ ಗುತ್ತಿಗೆಯವರು ಬರಲಿ, ನಾನು ಬಾಯಿ ಬಿಡಲ್ಲ."

"ನೀನು? ಬಾಯಿ ಬಿಡದೆ ಇರುದು?" ಅವರು ಜೋರಾಗಿ ನಕ್ಕರು. "ಅದನ್ನ ನೋಡ್ಲಿಕ್ಕಾದ್ರೂ ಒಪ್ಪಬೇಕು."

ಮರವನ್ನು ಅವರೇ ಆರಿಸಿದರು. ಬಂಗಲೆಯ ಪಕ್ಕದ ಸಿಲ್ವರ್ ಓಕ್, ತೋಟದಲ್ಲೇ ಎತ್ತರದ್ದು.

ಶನಿವಾರ ಬೆಳಗಿನ ಕಾಫಿಯ ಹೊತ್ತಿಗೆ ಅತಿಥಿಗಳಿಗೆ ಹೇಳಿದೆ: ಇವತ್ತು ಬೈಗುಳ ಕೇಳುತ್ತದೆ, ಗಾಬರಿಯಾಗಬೇಡಿ, ಇದು ಕೆಲಸದ ಒಂದು ಭಾಗ. ನನ್ನ ಲೆಕ್ಕ ತಪ್ಪಿದ್ದು ಇಲ್ಲೇ. ಅವರು ಗಾಬರಿಯಾಗಲಿಲ್ಲ, ಕಪ್ಪು ಹಿಡಿದುಕೊಂಡು ನೋಡಲು ಬಂದರು. ಸಾವ್ಕಾರ್ರು ಬಂದರು, ರೈಟರ್ ಬಂದರು, ಕಣದ ಹೆಂಗಸರು ಬೇಲಿಯ ಹತ್ತಿರ ನಿಂತರು. ಅತ್ತೆ ಬಂದಳು. ಇಷ್ಟು ಜನರನ್ನು ಕಂಡು ಸೆರಗನ್ನು ಕಿವಿಯ ತನಕ ಎಳೆದುಕೊಂಡಳು. ಏಣಿ ಹಿಡಿದಳು. ಆಕೆಯ ಬಾಯಿ ಹೊಲಿದಂತೆ ಮುಚ್ಚಿತ್ತು.

ಅಳಿಯ ಹತ್ತಿದ. ಒಂದು ಗಂಟು, ಕೆಳಗೆ ಒಂದು ನೋಟ. ಇನ್ನೊಂದು ಗಂಟು, ಇನ್ನೊಂದು ನೋಟ. ಯಾರ ಎದುರೂ ಬೈಯಬೇಡ ಎಂದು ಆಕೆಯನ್ನು ಕಣಕ್ಕೆ ಕಳಿಸಿದವರು ಇವರೇ, ಈಗ ಎಲ್ಲರೂ ಸಾಲಾಗಿ ನಿಂತು ಬೈಯಲಿ ಎಂದು ಕಾಯುತ್ತಿದ್ದರೆ ಯಾರು ಬೈಯುತ್ತಾರೆ? ಆತ ನಡುವಿಗೆ ತಲುಪಿದ. ಎಲೆಗಳ ಮರೆಗೆ ಹೋದ. ನಿಂತ.

ರೈಟರ್ ನನ್ನ ಕಡೆ ನೋಡಿ, ಪಾಪ, ಕರುಣೆಯಿಂದಲೇ ತಲೆಯಾಡಿಸಿದರು. ಸಾವ್ಕಾರ್ರು ಜೇಬಿನಿಂದ ಫೋನ್ ತೆಗೆದರು. ಏಣಿ ಸಣ್ಣಗೆ ನಡುಗುತ್ತಿತ್ತು. ನಡುಗುತ್ತಿದ್ದದ್ದು ಮೇಲಿನ ಕಾಲೋ ಕೆಳಗಿನ ಕೈಯೋ, ನನಗೆ ತಿಳಿಯಲಿಲ್ಲ.

ಆಗ ಎಲೆಗಳ ಒಳಗಿಂದ ಒಂದು ದನಿ ಬಂತು.

"ಅತ್ತೇ... ಇದೀರಾ?"

ಬೇಲಿಯ ಬಳಿ ನಿಂತಿದ್ದ ಆಕೆಯ ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಗಂಡ ಅತ್ತೆಯನ್ನು ನೇರವಾಗಿ ಮಾತಾಡಿಸಿದ್ದನ್ನು ಆಕೆ ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲಂತೆ, ಆಮೇಲೆ ಹೇಳಿದಳು.

ಪುಟ್ಟ ಹೆಂಗಸು ಕತ್ತೆತ್ತಿದಳು. ಸೆರಗು ಹಿಂದಕ್ಕೆ ಜಾರಿತು. ಜಾರಿದ್ದನ್ನು ಎಳೆದುಕೊಳ್ಳಲಿಲ್ಲ.

"ಇಲ್ದೆ ಎಲ್ಲಿಗೋಗ್ಲೋ ದರಿದ್ರದವನೇ! ನಿನ್ನ ಮ್ಯಾಲೆ ಕಳಿಸಿ ನಾನು ಸಂತೆಗೋಗ್ಲಾ? ಹತ್ತೋ! ಬೆಳಗ್ಗೆ ಉಂಡ ರೊಟ್ಟಿ ಎಲ್ಲೋಯ್ತು, ಬಲಗಾಲಿಗೆ ಬರ್ಲಿಲ್ವಾ? ಹಾಂ, ಅಲ್ಲೇ! ಇನ್ನೊಂಚೂರು! ಆ ಕೈ ಬಿಟ್ಟು ಈ ಕೈಲಿ ಹಿಡ್ಕಳೋ ಮಂಗ್ಯಾ! ಯಾವ ಗಳಿಗೇಲಿ ನಿನ್ನ ಮನೆಗೆ ಕರ್ಕಂಡ್ನೋ!"

ಏಣಿ ನಡುಗುವುದು ನಿಂತಿತು. ಅದನ್ನು ನಾನು ಕಣ್ಣಾರೆ ಕಂಡೆ. ಎಲೆಗಳು ಅಲ್ಲಾಡಿದವು, ಇನ್ನೂ ಮೇಲೆ ಅಲ್ಲಾಡಿದವು, ಕೊನೆಗೆ ಮರದ ನೆತ್ತಿಯಲ್ಲಿ, ಬಿಸಿಲು ಮೊದಲು ಬೀಳುವ ಜಾಗದಲ್ಲಿ, ಆತನ ತಲೆ ಹೊರಬಂತು. ಆತ ಕೆಳಗೆ ನೋಡಲೇ ಇಲ್ಲ. ಗೊಂಚಲುಗಳು ಕಿತ್ತು ಚೀಲಕ್ಕೆ ಬೀಳುವ ಸದ್ದು ಕೆಳಗಿನ ತನಕ ಬರುತ್ತಿತ್ತು. ಬೈಗುಳ ಮೇಲೇರುತ್ತಿತ್ತು, ಮೆಣಸು ಚೀಲಕ್ಕಿಳಿಯುತ್ತಿತ್ತು. ಕಿವಿಗೊಟ್ಟು ಕೇಳಿದೆ. ಒಂದು ಬೈಗುಳವೂ ಸುಮ್ಮನೆ ಬಂದದ್ದಲ್ಲ. ಆತನ ಕಾಲು ಸರಿದರೆ ಒಂದು, ಕೈ ಚಾಚಿದರೆ ಒಂದು, ನಿಂತರೆ ಒಂದು. ಆತ ಮಿಸುಕಿದ್ದಕ್ಕೆಲ್ಲ ಕೆಳಗಿನಿಂದ ಆ ಕ್ಷಣವೇ ಉತ್ತರ ಬರುತ್ತಿತ್ತು. ಎಲೆಯ ಮರೆಯಲ್ಲಿ ಕಾಣದ ಕಾಲು ಆಕೆಗೆ ಹೆಗಲಿನ ಮೂಲಕ, ಬಿದಿರಿನ ಮೂಲಕ ಗೊತ್ತಾಗುತ್ತಿತ್ತೇನೋ. ಬಾಯಿ ಬಿಡಲ್ಲ ಎಂದದ್ದು ಸೋತರೆ ಮಾತ್ರ; ಗೆದ್ದೂ ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಒಬ್ಬ ಅತಿಥಿ ಕಪ್ಪನ್ನು ಅಡ್ಡಕ್ಕೆ ಹಿಡಿದು, ಕಾಫಿ ಕಾಲ ಮೇಲೆ ಚೆಲ್ಲುತ್ತಿದ್ದರೂ ಮೇಲೇ ನೋಡುತ್ತಿದ್ದರು.

ಸಾವ್ಕಾರ್ರು ಫೋನನ್ನು ಮತ್ತೆ ಜೇಬಿಗೆ ಹಾಕಿದರು.

ಆತ ಇಳಿದ. ಕೊನೆಯ ಗಂಟಿನಿಂದ ಕಾಲು ನೆಲಕ್ಕೆ ತಾಗಿದ್ದೇ ತಡ, ಆಕೆ ಏಣಿ ಬಿಟ್ಟು ಸೆರಗೆಳೆದುಕೊಂಡು ಪಕ್ಕಕ್ಕೆ ತಿರುಗಿದಳು. ಮಗಳಿಗೆ ಹೇಳಿದಳು: "ಅಳಿಯಂದಿರಿಗೆ ನೀರು ಕೊಡವ್ವಾ."

ಈಗ ನನ್ನೊಳಗಿನ ಚರ್ಚಾಪಟು ಸುಮ್ಮನಿದ್ದಾಳೆ ಎಂದುಕೊಳ್ಳಬೇಡಿ. ಒಂದು ಮರ ಪುರಾವೆಯಲ್ಲ. ಅಷ್ಟು ಜನ ನೋಡುತ್ತಿದ್ದರೆಂಬ ಹುರುಪಿನಿಂದ ಹತ್ತಿರಬಹುದು. ಸೋಮವಾರದ ಭಯದಿಂದ ಹತ್ತಿರಬಹುದು. ಇದನ್ನೆಲ್ಲ ನಾನೇ ನನಗೆ ಹೇಳಿಕೊಂಡೆ. ಆಮೇಲೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ.

ಅತ್ತೆ ನನ್ನ ಪ್ರಶ್ನೆಗೆ ನಾಚಿಕೊಂಡಳು. "ಬೈದ್ರೆ ಹತ್ತುತಾರೆ ಅಂತೆಲ್ಲ ಏನಿಲ್ಲ ಮೇಡಮ್ಮ. ಅವ್ರು ಮ್ಯಾಲೆ ಹೋದ್ರೆ ನಂಗೆ ಜೀವ ಇರಲ್ಲ. ಒಬ್ಳೇ ಮಗಳು ನಂಗೆ. ಭಯಕ್ಕೆ ಬಾಯಿ ತಾನಾಗೇ ಬತ್ತದೆ. ದೊಡ್ಡೋರಿಗೆ ಹಂಗೆ ಅನ್ಬಾರ್ದು, ಪಾಪ ಬತ್ತದೆ. ನೀವು ಅವ್ರಿಗೆ ಹೇಳ್ಬೇಡಿ."

"ಅವರಿಗೇ ಅಲ್ವಾ ನೀವು ಬೈಯೋದು! ಕೇಳಿಸಿರಲ್ವಾ?"

"ಅಯ್ಯೋ, ಅಷ್ಟೆತ್ತರಕ್ಕೆ ಎಲ್ಲಿ ಕೇಳ್ತದೆ!"

ಅಳಿಯ ಬೀಡಿ ಆರಿಸಿದ. "ಅತ್ತೆ ಬೈತಾರಾ? ನಂಗೊತ್ತಿಲ್ಲ ಮೇಡಮ್ಮ. ಮೇಲೆ ಹೋದ್ಮೇಲೆ ಏನೋ ಒಂದು ಸದ್ದು ಬರ್ತಿರ್ತದೆ. ಈ ತೊರೆ ಹರಿಯೋ ಸದ್ದು ಇಲ್ವಾ, ಹಂಗೆ. ಆ ಸದ್ದು ನಿಂತ್ರೆ ಮಾತ್ರ ಕೈಯೆಲ್ಲ ಬೆವರ್ತದೆ. ಯಾಕೆ ಅಂತ ಗೊತ್ತಿಲ್ಲ."

ಹೆದರಿದ್ದು ಆಕೆ. ಧೈರ್ಯ ಬಂದದ್ದು ಆತನಿಗೆ. ನಡುವೆ ಒಂದು ಬಿದಿರು. ಬೈದವಳಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿಲ್ಲ, ಬೈಸಿಕೊಂಡವನಿಗೆ ಏನಾಗುತ್ತಿದೆಯೆಂದು ಗೊತ್ತಿಲ್ಲ, ಆದರೂ ವರ್ಷ ವರ್ಷ ಮರದ ನೆತ್ತಿ ಬೋಳಾಗುತ್ತಿತ್ತು. ಮನುಷ್ಯ ಕೆಲಸ ಚೆನ್ನಾಗಿ ಮಾಡುವುದಕ್ಕೆ ಏನೇನು ಬೇಕು ಎಂದು ವೇದಿಕೆಯ ಮೇಲೆ ನಿಂತು ಬೆರಳು ಮಡಿಚಿ ಎಣಿಸುತ್ತಿದ್ದೆ. ಇದಕ್ಕೆ ಯಾವ ಬೆರಳು ಮಡಿಚಬೇಕು ಎಂದು ಇವತ್ತಿಗೂ ನನಗೆ ಹೊಳೆದಿಲ್ಲ.

ಸಾವ್ಕಾರ್ರು ಬೇಡವೆಂದದ್ದರಿಂದ ಗುತ್ತಿಗೆಯವರು ಬರಲಿಲ್ಲ. ಹೋಂಸ್ಟೇಯ ಕೋಣೆಗಳಲ್ಲಿ ನಾನು ಒಂದು ಚೀಟಿ ಅಂಟಿಸಬೇಕೆಂದು ಸಾವ್ಕಾರ್ರು ಹೇಳಿದರು, ಬೆಳಿಗ್ಗೆ ಬೈಗುಳ ಕೇಳಿಸುತ್ತದೆ ಎಂದು. ಏನು ಕಾರಣ ಬರೆಯಲಿ ಎಂದು ಕೇಳಿದೆ. "ನಿನಗೇ ಗೊತ್ತಿಲ್ಲದ್ದು ನನಗೆಲ್ಲಿ ಗೊತ್ತು ಮಾರಾಯ್ತಿ," ಎಂದರು.

ಸೋಮವಾರ ಮಂಜು ದಟ್ಟವಾಗಿತ್ತು. ಕಿಟಕಿ ತೆಗೆದರೆ ಮರವೂ ಇಲ್ಲ, ಏಣಿಯೂ ಇಲ್ಲ, ಮನುಷ್ಯರೂ ಇಲ್ಲ, ಬಿಳಿ ಮಾತ್ರ. ಆ ಬಿಳಿಯ ಕೆಳಗೆಲ್ಲೋ ಒಬ್ಬಳು ಯಾರದೋ ಎಡಗಾಲಿಗೆ ಶಾಪ ಹಾಕುತ್ತಿದ್ದಳು. ಅದರ ಮೇಲೆ, ಬಹಳ ಮೇಲೆ, ನನಗೆ ಕಾಣದಷ್ಟು ಎತ್ತರದಲ್ಲಿ, ಮೆಣಸಿನ ಗೊಂಚಲು ಕಿತ್ತು ಬರುವ ಸಣ್ಣ ಸದ್ದು ಕೇಳುತ್ತಿತ್ತು. ಹಾಸಿಗೆಗೆ ಹಿಂತಿರುಗದೆ, ಆ ಸದ್ದು ನಿಲ್ಲುವ ತನಕ ಕಿಟಕಿಯ ಹತ್ತಿರವೇ ನಿಂತಿದ್ದೆ.